ಉಗಾಂಡಾದಲ್ಲಿ ಸ್ವಯಂಸೇವಕರಾಗಿರುವವರು ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಪೂರ್ವ ಉಗಾಂಡಾದ ಎಂಬಾಲೆ ಪಟ್ಟಣದಲ್ಲಿ ಶಿಕ್ಷಕರ ತರಬೇತಿಯ ಕೆಲಸಕ್ಕೆ ಸ್ವಯಂಸೇವಕಿಯಾಗಿ ಬಂದ ಮೇಲೆ, ನನ್ನಂತೆಯೇ ಈ ದೇಶಕ್ಕೆ ಬಂದ ಕರ್ನಾಟಕದ ಹಲವರು ಮನೆಯವರನ್ನು ಕರೆಸಿಕೊಳ್ಳಲು ಹೋಗಿ ಒಂದೇ ಬಗೆಯ ತಪ್ಪುಗಳಲ್ಲಿ ಸಿಕ್ಕಿಕೊಳ್ಳುವುದನ್ನು ಕಂಡಿದ್ದೇನೆ. ಒಬ್ಬರು ಟಿಕೆಟ್ ಕೊಂಡ ಮೇಲೆ ಲಸಿಕೆಯ ವಿಷಯ ತಿಳಿದು ಪ್ರಯಾಣ ರದ್ದು ಮಾಡಿದರು. ಇನ್ನೊಬ್ಬರ ತಂದೆಯ ವೀಸಾ, ಹೆಸರಿನ ಇನಿಷಿಯಲ್ ಹೊಂದಲಿಲ್ಲವೆಂಬ ಕಾರಣಕ್ಕೆ ನಿಂತುಹೋಯಿತು. ಮತ್ತೊಬ್ಬರು ಹತ್ತು ದಿನಗಳಲ್ಲಿ ಮೂರು ಅಭಯಾರಣ್ಯಗಳನ್ನು ತೋರಿಸಿ, ತಾವು ಕೆಲಸ ಮಾಡುವ ಹಳ್ಳಿಯನ್ನು ತೋರಿಸಲು ಬಿಡುವೇ ಇಲ್ಲದೆ ತಾಯಿಯನ್ನು ಬೀಳ್ಕೊಟ್ಟರು.

ಈ ತೊಂದರೆಗಳೆಲ್ಲ ಹುಟ್ಟುವುದು ಕೆಲಸದ ಕ್ರಮ ತಪ್ಪಿದಾಗ. ಮೊದಲು ಸಂಸ್ಥೆಯ ಒಪ್ಪಿಗೆ, ಆಮೇಲೆ ಲಸಿಕೆ, ಆಮೇಲೆ ವೀಸಾ, ಅದಾದ ಮೇಲೆ ಟಿಕೆಟ್ ಎಂಬ ಸಾಲನ್ನು ಎಲ್ಲಿಯೂ ಹಿಂದುಮುಂದು ಮಾಡದಿದ್ದರೆ ಅರ್ಧ ಚಿಂತೆ ಕಳೆಯುತ್ತದೆ. ಉಳಿದರ್ಧ ಮನೆಯೊಳಗಿನ ಮತ್ತು ನೆರೆಹೊರೆಯ ಸಿದ್ಧತೆಗೆ ಸೇರಿದ್ದು. ಅದಕ್ಕೆ ಹೆಚ್ಚಿನ ಗಮನ ಬೇಕಾಗುವುದರಿಂದ ಅಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ. ಪ್ರಯಾಣಕ್ಕೆ ಕನಿಷ್ಠ ನಾಲ್ಕು ತಿಂಗಳು ಮುಂಚೆ ಮೊದಲ ಹಂತವನ್ನು ಆರಂಭಿಸಬೇಕು.

ಹಂತ 1: ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆಯಿರಿ

ಅಪ್ಪ-ಅಮ್ಮನಿಗೆ ಫೋನಿನಲ್ಲಿ "ಬನ್ನಿ" ಎನ್ನುವ ಮೊದಲು ಮೇಲ್ವಿಚಾರಕರಿಗೆ ಪತ್ರ ಬರೆಯಿರಿ. ಯಾರು ಬರುತ್ತಾರೆ, ಎಷ್ಟು ದಿನ ಇರುತ್ತಾರೆ, ಎಲ್ಲಿ ಉಳಿಯುತ್ತಾರೆ, ನಿಮಗೆ ಯಾವ ದಿನಗಳಲ್ಲಿ ರಜೆ ಬೇಕು ಎಂಬ ನಾಲ್ಕೂ ವಿಷಯಗಳು ಅದರಲ್ಲಿರಲಿ. ವಸತಿಯನ್ನು ಸಂಸ್ಥೆಯೇ ಕೊಟ್ಟಿದ್ದರೆ ಅತಿಥಿಗಳು ರಾತ್ರಿ ತಂಗಬಹುದೇ ಎಂದು ಪ್ರತ್ಯೇಕವಾಗಿ ಕೇಳಿ, ಏಕೆಂದರೆ ಇತರ ಸ್ವಯಂಸೇವಕರೊಡನೆ ಹಂಚಿಕೊಂಡ ಮನೆಗಳಿಗೆ ಸಾಮಾನ್ಯವಾಗಿ ಬೇರೆಯೇ ನಿಯಮವಿರುತ್ತದೆ.

ರಜೆಯ ಲೆಕ್ಕವನ್ನು ಇಲ್ಲಿಯೇ ಮುಗಿಸಿ. ವಿಶ್ವಸಂಸ್ಥೆಯ ಸ್ವಯಂಸೇವಕರಿಗೆ ಪ್ರತಿ ತಿಂಗಳ ಸೇವೆಗೆ ಎರಡೂವರೆ ದಿನದ ವಾರ್ಷಿಕ ರಜೆ ಸೇರುತ್ತದೆ. ಇತರ ಸಂಸ್ಥೆಗಳಲ್ಲಿ ಒಪ್ಪಂದದ ಪ್ರಕಾರ ನಡೆಯುತ್ತದೆ. ಇರುವ ರಜೆಯನ್ನೆಲ್ಲ ಒಂದೇ ಭೇಟಿಗೆ ಸುರಿಯಬೇಡಿ. ಮೂರು ವಾರದ ಭೇಟಿಗೆ ಏಳೆಂಟು ದಿನದ ರಜೆ ಸಾಕು: ಬರುವಾಗ ಮೂರು ದಿನ, ಪ್ರವಾಸಕ್ಕೆ ಎರಡು ಅಥವಾ ಮೂರು ದಿನ, ಕಳುಹಿಸುವಾಗ ಎರಡು ದಿನ. ಉಳಿದ ದಿನ ನೀವು ಕೆಲಸಕ್ಕೆ ಹೋಗುತ್ತೀರಿ, ಅವರು ಮನೆಯಲ್ಲಿರುತ್ತಾರೆ ಎಂಬುದನ್ನು ಈಗಲೇ ಅವರಿಗೆ ತಿಳಿಸಿ.

ಸಾಮಾನ್ಯ ತಪ್ಪು: ಸಂಸ್ಥೆಯ ವಾಹನವನ್ನು ನಂಬಿಕೊಳ್ಳುವುದು. ಬಹುತೇಕ ಸಂಸ್ಥೆಗಳಲ್ಲಿ ಹೊರಗಿನವರು ಕಚೇರಿಯ ವಾಹನ ಹತ್ತುವಂತಿಲ್ಲ, ನಿಮಗಿರುವ ಆರೋಗ್ಯ ವಿಮೆಯೂ ಭೇಟಿಗೆ ಬಂದವರಿಗೆ ಅನ್ವಯಿಸುವುದಿಲ್ಲ.

ಹಂತ 2: ತಿಂಗಳನ್ನು ಆರಿಸಿ

ಉಗಾಂಡಾದ ಬಹುಭಾಗದಲ್ಲಿ ಮಾರ್ಚಿನಿಂದ ಮೇವರೆಗೆ ಮತ್ತು ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಮಳೆಗಾಲವಿರುತ್ತದೆ. ಆದರೆ ಎಂಬಾಲೆಯ ಹಿಂದೆ ಎದ್ದು ನಿಂತಿರುವ ಎಲ್ಗನ್ ಪರ್ವತದ ಇಳಿಜಾರುಗಳಲ್ಲಿ ನಡುವಿನ ತಿಂಗಳುಗಳಲ್ಲಿಯೂ ಮಳೆ ಬಿಡುವುದಿಲ್ಲ. 2022ರ ಜುಲೈ ಕೊನೆಯಲ್ಲಿ ಪಟ್ಟಣದ ಹೊಳೆಗಳು ಉಕ್ಕಿ ಜೀವಹಾನಿಯಾಯಿತು. ಬುಡುಡಾ ಕಡೆಯ ಗುಡ್ಡಗಳಲ್ಲಿ ಭೂಕುಸಿತ ಮತ್ತೆ ಮತ್ತೆ ಆಗಿದೆ. ವಯಸ್ಸಾದವರನ್ನು ಕರೆಸಿಕೊಳ್ಳಲು ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ತಿಂಗಳುಗಳೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಾಲೆಯಲ್ಲಿ ಕೆಲಸ ಮಾಡುವವರಿಗೆ ಒಂದು ತೊಡಕಿದೆ. ಡಿಸೆಂಬರ್ ಆರಂಭದಲ್ಲಿ ಶಾಲೆಗಳು ಮುಚ್ಚಿ ಫೆಬ್ರವರಿಯ ವೇಳೆಗೆ ತೆರೆಯುವುದರಿಂದ, ನಡುವೆ ಬಂದವರಿಗೆ ಖಾಲಿ ತರಗತಿಗಳು ಮಾತ್ರ ಕಾಣುತ್ತವೆ. ಮಗಳು ಪಾಠ ಮಾಡುವುದನ್ನು ನೋಡಬೇಕೆಂಬ ಆಸೆ ಅಪ್ಪ-ಅಮ್ಮನಿಗೆ ಇದ್ದೇ ಇರುತ್ತದೆ. ಹಾಗಾಗಿ ನವೆಂಬರಿನ ಕೊನೆಯ ವಾರದಲ್ಲಿ ತಲುಪುವಂತೆ ಅಥವಾ ಫೆಬ್ರವರಿಯಲ್ಲಿ ಶಾಲೆ ತೆರೆದ ಮೇಲೆ ಬರುವಂತೆ ದಿನ ಗೊತ್ತುಮಾಡಿ.

ಹಂತ 3: ಹಳದಿ ಜ್ವರದ ಲಸಿಕೆಯನ್ನು ವೀಸಾ, ಟಿಕೆಟಿಗಿಂತ ಮೊದಲು ಮುಗಿಸಿ

ಉಗಾಂಡಾ ಪ್ರವೇಶಿಸಲು, ಸೊಳ್ಳೆಯಿಂದ ಹರಡುವ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ವೀಸಾ ಅರ್ಜಿಯೊಡನೆಯೂ ಅದರ ಪ್ರತಿಯನ್ನು ಲಗತ್ತಿಸಬೇಕು. ಹಿಂದಿರುಗುವಾಗ ಭಾರತದ ವಿಮಾನ ನಿಲ್ದಾಣದಲ್ಲಿ ಮತ್ತೆ ಅದೇ ಪತ್ರವನ್ನು ಕೇಳುತ್ತಾರೆ. ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸುವ ನಿಯಮವಿದೆ. ಈ ಒಂದು ಚುಚ್ಚುಮದ್ದು ತಡವಾದರೆ ವೀಸಾ, ಟಿಕೆಟ್, ರಜೆ ಎಲ್ಲವೂ ಜಾರುತ್ತವೆ.

ಲಸಿಕೆಯನ್ನು ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಇಂತಹ ಕೇಂದ್ರಗಳು ಪ್ರತಿ ಜಿಲ್ಲೆಯಲ್ಲಿಲ್ಲ, ಮತ್ತು ವಾರದ ಎಲ್ಲ ದಿನವೂ ಲಸಿಕೆ ಹಾಕುವುದಿಲ್ಲ. ಆದ್ದರಿಂದ ಊರಿನಿಂದ ಬೆಂಗಳೂರಿಗೆ ಹೊರಡುವ ಮೊದಲು ಸಮಯ ಕಾಯ್ದಿರಿಸಿರಬೇಕು, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. 2016ರ ಜುಲೈನಿಂದ ಅದಕ್ಕೆ ಜೀವಿತಾವಧಿಯ ಮಾನ್ಯತೆ ಇರುವುದರಿಂದ, ಹಿಂದೆ ಯಾವಾಗಲಾದರೂ ಆಫ್ರಿಕಾಕ್ಕೆ ಹೋಗಿಬಂದವರ ಹಳೆಯ ಪ್ರಮಾಣಪತ್ರದ ಪುಸ್ತಕವೂ ನಡೆಯುತ್ತದೆ.

ಅರವತ್ತು ದಾಟಿದವರ ವಿಷಯದಲ್ಲಿ ಎಚ್ಚರ ಬೇಕು. ಇದು ಜೀವಂತ, ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆ. ವಯಸ್ಸಾದವರಲ್ಲಿ ಅಪರೂಪಕ್ಕೆ ತೀವ್ರ ಅಡ್ಡಪರಿಣಾಮಗಳು ಕಾಣಿಸಬಹುದು. ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರು, ಥೈಮಸ್ ಗ್ರಂಥಿಯ ಕಾಯಿಲೆ ಇದ್ದವರು ಇದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ನಿಮ್ಮ ಕುಟುಂಬದ ವೈದ್ಯರು ಲಸಿಕೆ ಬೇಡವೆಂದರೆ ಆ ಮಾತನ್ನು ಒಪ್ಪಿಕೊಳ್ಳಿ. ವಿನಾಯಿತಿ ಪತ್ರ ಹಿಡಿದು ಅವರನ್ನು ಇಲ್ಲಿಗೆ ಕರೆತರಲು ಹೆಣಗಬೇಡಿ. ಅದೇ ರಜೆಯಲ್ಲಿ ನೀವೇ ಊರಿಗೆ ಹೋಗಿ ಬನ್ನಿ.

ಹಂತ 4: ಹೆಸರನ್ನು ಒಂದೇ ರೀತಿ ಮಾಡಿ, ನಂತರ ವೀಸಾಕ್ಕೆ ಅರ್ಜಿ ಹಾಕಿ

ನಮ್ಮ ಕಡೆಯ ಹಿರಿಯರ ಹೆಸರುಗಳು ಇಲ್ಲಿ ದೊಡ್ಡ ತೊಡಕು. ಆಧಾರ್‌ನಲ್ಲಿ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿರುತ್ತದೆ, ತಾಯಿಯ ಪಾಸ್‌ಪೋರ್ಟಿನಲ್ಲಿ ಕುಲನಾಮದ ಸ್ಥಾನವೇ ಖಾಲಿ ಇರುತ್ತದೆ. ಲಸಿಕೆಯ ಪುಸ್ತಕ, ವೀಸಾ ಅರ್ಜಿ, ಟಿಕೆಟ್, ವಿಮೆ ಈ ನಾಲ್ಕರಲ್ಲಿಯೂ ಪಾಸ್‌ಪೋರ್ಟಿನಲ್ಲಿರುವಂತೆಯೇ, ಅಕ್ಷರ ವ್ಯತ್ಯಾಸವಿಲ್ಲದೆ ಹೆಸರು ಇರಬೇಕು. ಲಸಿಕೆ ಕೇಂದ್ರದಲ್ಲಿ ಕೈಬರಹದಲ್ಲಿ ತುಂಬುವಾಗ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ ಸರಿಯಾಗಿವೆಯೇ ಎಂದು ಅಲ್ಲಿಯೇ ನಿಂತು ಪರೀಕ್ಷಿಸಿಕೊಳ್ಳಲು ಅಪ್ಪನಿಗೆ ಹೇಳಿ. ಊರಿಗೆ ಮರಳಿದ ಮೇಲೆ ತಿದ್ದಿಸುವುದಕ್ಕೆ ಇನ್ನೊಂದು ದಿನದ ಪ್ರಯಾಣ ಬೇಕಾಗುತ್ತದೆ.

ವೀಸಾ ಅರ್ಜಿಯನ್ನು ಉಗಾಂಡಾ ವಲಸೆ ಇಲಾಖೆಯ ಜಾಲತಾಣದಲ್ಲಿ ಮೊದಲೇ ಸಲ್ಲಿಸಬೇಕು. ಒಮ್ಮೆ ಪ್ರವೇಶಿಸುವ ಪ್ರವಾಸಿ ವೀಸಾದ ಶುಲ್ಕ 50 ಡಾಲರ್, ಅದರ ಮೇಲೆ ಪಾವತಿಯ ಸಣ್ಣ ಶುಲ್ಕ ಸೇರುತ್ತದೆ. ಅದೇ ಹೆಸರಿನಂತೆ ಕಾಣುವ, ದುಪ್ಪಟ್ಟು ಹಣ ಕೇಳುವ ಖಾಸಗಿ ತಾಣಗಳು ಬಹಳಷ್ಟಿವೆ. ವಿಳಾಸದ ಕೊನೆಯಲ್ಲಿ 'ಡಾಟ್ ಜಿಓ ಡಾಟ್ ಯುಜಿ' ಎಂದಿದ್ದರೆ ಮಾತ್ರ ಮುಂದುವರಿಯಿರಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಪಾಸ್‌ಪೋರ್ಟಿನ ಹೆಸರು-ವಿವರಗಳಿರುವ ಪುಟ, ಭಾವಚಿತ್ರ, ಲಸಿಕೆಯ ಪ್ರಮಾಣಪತ್ರ ಇವುಗಳನ್ನು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ನಿಮ್ಮ ಆಹ್ವಾನ ಪತ್ರ ಮತ್ತು ನಿಮ್ಮ ಕೆಲಸದ ಪರವಾನಗಿಯ ಪ್ರತಿಯೂ ಜೊತೆಯಲ್ಲಿರಲಿ.

ಮಂಜೂರಾದ ಪತ್ರವನ್ನು ಕಾಗದದಲ್ಲಿ ಮುದ್ರಿಸಿ ಮೂರು ಪ್ರತಿ ತರಿಸಿಕೊಳ್ಳಿ. ಫೋನಿನಲ್ಲಿದೆ ಎಂದು ಬಿಟ್ಟರೆ, ಬ್ಯಾಟರಿ ಮುಗಿದ ಫೋನನ್ನು ಹಿಡಿದು ಅಮ್ಮ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಹಂತ 5: ಟಿಕೆಟ್ ಮತ್ತು ವಿಮೆ

ವೀಸಾ ಕೈಗೆ ಬಂದ ಮೇಲೆಯೇ ಟಿಕೆಟ್ ಕೊಳ್ಳಿ. ಬೆಂಗಳೂರಿನಿಂದ ಬರುವವರು ಅಡಿಸ್ ಅಬಾಬಾ, ದುಬೈ, ದೋಹಾ ಅಥವಾ ಮುಂಬೈ ಮೂಲಕ ಬರಬಹುದು. ಮೊದಲ ಬಾರಿ ವಿಮಾನ ಹತ್ತುವವರಿಗೆ ಒಂದೇ ಟಿಕೆಟಿನಲ್ಲಿ, ಒಂದೇ ಬದಲಾವಣೆಯಿರುವ ದಾರಿ ಬೇಕು; ನಡುವೆ ಮೂರು ಗಂಟೆಗಳಾದರೂ ಅಂತರವಿರಲಿ, ಮತ್ತು ಗಾಲಿಕುರ್ಚಿಯ ನೆರವನ್ನು ಟಿಕೆಟ್ ಕೊಳ್ಳುವಾಗಲೇ ಕೋರಿ. ನಡೆಯಲು ಶಕ್ತರಾದವರಿಗೂ ಗಾಲಿಕುರ್ಚಿಯಿಂದ ಪ್ರಯೋಜನವಿದೆ, ಏಕೆಂದರೆ ಅದನ್ನು ತಳ್ಳುವವರೇ ಮುಂದಿನ ದ್ವಾರದವರೆಗೆ ದಾರಿ ತೋರಿಸುತ್ತಾರೆ.

ವಿಮೆಯಲ್ಲಿ ಎರಡು ಅಂಶಗಳನ್ನು ನೋಡಿ. ಮೊದಲೇ ಇರುವ ರಕ್ತದೊತ್ತಡ, ಮಧುಮೇಹಕ್ಕೆ ರಕ್ಷಣೆ ಇದೆಯೇ, ಮತ್ತು ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ. ಎರಡೂ ಇಲ್ಲದ ಅಗ್ಗದ ವಿಮೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಂತ 6: ಮಲೇರಿಯಾ ಮತ್ತು ನಿತ್ಯದ ಔಷಧಗಳು

ಉಗಾಂಡಾದಲ್ಲಿ ವರ್ಷವಿಡೀ ಮಲೇರಿಯಾ ಇರುತ್ತದೆ, ಮತ್ತು ಬಹುಪಾಲು ಪ್ರಕರಣಗಳು ಮಾರಕವಾಗಬಲ್ಲ ಫಾಲ್ಸಿಪ್ಯಾರಮ್ ಜಾತಿಯವು. ತಡೆಗಟ್ಟುವ ಮಾತ್ರೆ ಯಾವುದೆಂಬುದನ್ನು, ಅವರು ಈಗಾಗಲೇ ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನು ನೋಡಿ ವೈದ್ಯರೇ ನಿರ್ಧರಿಸಬೇಕು. ನೀವು ನೆನಪಿಸಬೇಕಾದದ್ದು ಅವಧಿಯನ್ನು: ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಪ್ರಯಾಣಕ್ಕೆ ಒಂದೆರಡು ದಿನ ಮೊದಲು ಆರಂಭಿಸಿ ಮರಳಿದ ಮೇಲೆ ಏಳು ದಿನ, ಡಾಕ್ಸಿಸೈಕ್ಲಿನ್ ಆದರೆ ಮರಳಿದ ಮೇಲೆ ನಾಲ್ಕು ವಾರ ಮುಂದುವರಿಸಬೇಕು. ಊರು ತಲುಪಿದ ದಿನವೇ ಮಾತ್ರೆ ನಿಲ್ಲಿಸುವುದು ಬಹಳ ಮಂದಿ ಮಾಡುವ ತಪ್ಪು.

ನಿತ್ಯದ ಮಾತ್ರೆಗಳನ್ನು ಇರುವ ದಿನಗಳಿಗಿಂತ ಎರಡು ವಾರ ಹೆಚ್ಚಾಗಿ ತರಲಿ. ಅರ್ಧ ಕೈಚೀಲದಲ್ಲಿ, ಅರ್ಧ ದೊಡ್ಡ ಪೆಟ್ಟಿಗೆಯಲ್ಲಿ, ಜೊತೆಗೆ ವೈದ್ಯರ ಚೀಟಿ. ಹೊರಡುವ ಎರಡು ವಾರ ಮೊದಲು ಉಗಾಂಡಾದ ಆರೋಗ್ಯ ಸಚಿವಾಲಯದ ಪ್ರಕಟಣೆಗಳನ್ನು ನೋಡಿ. 2025ರ ಆರಂಭದಲ್ಲಿ ಕಾಣಿಸಿಕೊಂಡ ಎಬೋಲಾದಂತಹ ಸಂದರ್ಭ ಬಂದರೆ ಮುಂದೂಡಲು ಹಿಂಜರಿಯಬೇಡಿ.

ಹಂತ 7: ಮನೆಯನ್ನು ಸಜ್ಜುಗೊಳಿಸಿ

ಸ್ವಯಂಸೇವಕರ ಮನೆ ಎಂದರೆ ಒಂದು ಹಾಸಿಗೆ, ಒಂದು ಸೊಳ್ಳೆಪರದೆ, ಎರಡು ತಟ್ಟೆ. ಬರುವವರಿಗಾಗಿ ಕೊಳ್ಳಬೇಕಾದದ್ದು ಹೆಚ್ಚಿಲ್ಲ, ಆದರೆ ಇವು ಮೊದಲ ರಾತ್ರಿಗೇ ಸಿದ್ಧವಿರಬೇಕು:

1. ಹಾಸಿಗೆಗೊಂದರಂತೆ ಔಷಧ ಲೇಪಿಸಿದ ಸೊಳ್ಳೆಪರದೆ. ಹರಿದಿದ್ದರೆ ಹೊಲಿದು, ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದನ್ನು ತೋರಿಸಿಕೊಡಿ.

2. ಕುದಿಸಿ ಆರಿಸಿದ ನೀರಿಗೆ ಮುಚ್ಚಳವಿರುವ ಪಾತ್ರೆ, ಬಳಸುವ ನೀರಿಗೆ ಎರಡು ಹೆಚ್ಚುವರಿ ಜೆರಿಕ್ಯಾನ್.

3. ಮೂರು ಚಪ್ಪಟೆ ಕಡ್ಡಿಗಳ ಪ್ಲಗ್ಗಿಗೆ ಹೊಂದಿಕೆಯಾಗುವ ಅಡಾಪ್ಟರ್. ಇಲ್ಲಿನ ವಿದ್ಯುತ್ 240 ವೋಲ್ಟ್, ಹೆಚ್ಚುಕಡಿಮೆ ನಮ್ಮಲ್ಲಿನಷ್ಟೇ ಇದ್ದರೂ ನಮ್ಮ ದುಂಡು ಕಡ್ಡಿಯ ಪ್ಲಗ್ ಸೇರುವುದಿಲ್ಲ.

4. ಚಾರ್ಜ್ ಮಾಡಿಡುವ ದೀಪ ಮತ್ತು ರಾತ್ರಿ ಅಂಗಳಕ್ಕೆ ಹೋಗಲು ಟಾರ್ಚ್.

5. ಅಂಗಳದಾಚೆ ಗುಂಡಿ ಶೌಚಾಲಯವಿದ್ದರೆ, ನಡುವೆ ರಂಧ್ರ ಕೊರೆದ ಗಟ್ಟಿ ಕುರ್ಚಿ. ಪಟ್ಟಣದ ಬಡಗಿಗಳು ಇದನ್ನು ಮಾಡಿಕೊಡುತ್ತಾರೆ.

ಐದನೆಯದರ ಬಗ್ಗೆ ಒಂದು ಮಾತು. ಕುಕ್ಕರುಗಾಲಲ್ಲಿ ಕೂರುವುದು ನಮ್ಮವರಿಗೆ ಅಭ್ಯಾಸವಿದೆಯೆಂದು ನಾನು ನಿರ್ಲಕ್ಷಿಸಿದ್ದೆ. ಅಮ್ಮ ಮಂಡಿನೋವಿನಿಂದ ಏಳಲಾರದೆ, ಅದನ್ನು ಹೇಳಲೂ ಸಂಕೋಚಪಟ್ಟು, ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಮೂರನೆಯ ದಿನ ಕಾಲು ಊದಿಕೊಂಡಾಗ ನನಗೆ ಕಾರಣ ತಿಳಿಯಿತು. ಬರುವ ಮೊದಲೇ ಶೌಚಾಲಯದ ಚಿತ್ರವನ್ನು ಕಳುಹಿಸಿ, ಮುಚ್ಚುಮರೆಯಿಲ್ಲದೆ ಕೇಳಿ.

ಹಂತ 8: ನೆರೆಹೊರೆಗೆ ತಿಳಿಸಿ, ಉಡುಗೊರೆಯ ನಿಯಮ ಗೊತ್ತುಮಾಡಿ

ಎಂಬಾಲೆಯ ಸುತ್ತಲಿನ ಬಗಿಸು ಜನರಲ್ಲಿ, ಹಾಗೆಯೇ ಉಗಾಂಡಾದ ಉಳಿದ ಕಡೆಗಳಲ್ಲಿಯೂ, ಒಬ್ಬರ ಮನೆಗೆ ತಂದೆ-ತಾಯಿ ಬರುವುದೆಂದರೆ ಅದು ಓಣಿಗೆಲ್ಲ ಸೇರಿದ ಸಂಗತಿ. ಮನೆಯ ಮಾಲೀಕರು, ಅಕ್ಕಪಕ್ಕದ ಮನೆಯವರು, ಶಾಲೆಯ ಮುಖ್ಯಶಿಕ್ಷಕರು, ಸ್ಥಳೀಯ ಮಂಡಳಿಯ ಅಧ್ಯಕ್ಷರು ಇವರಿಗೆ ಒಂದು ವಾರ ಮುಂಚೆ ನೀವೇ ಹೋಗಿ ಹೇಳಿಬನ್ನಿ. ಹೇಳದೆ ಕರೆತಂದರೆ ಯಾರೂ ಜಗಳವಾಡುವುದಿಲ್ಲ, ಆದರೆ ನಿಮ್ಮನ್ನು ಹೊರಗಿನವರೆಂದು ಕಾಣತೊಡಗುತ್ತಾರೆ. ಎರಡು ವರ್ಷ ಅದೇ ಓಣಿಯಲ್ಲಿ ಬದುಕಬೇಕಾದವರಿಗೆ ಅದು ಸಣ್ಣ ನಷ್ಟವಲ್ಲ.

ಉಡುಗೊರೆಯಲ್ಲಿ ನಮ್ಮ ಹಿರಿಯರ ಕೈ ದೊಡ್ಡದು. ಬೀದಿಯಲ್ಲಿ ಕಂಡ ಮಕ್ಕಳಿಗೆಲ್ಲ ಚಾಕೊಲೇಟ್, ಪೆನ್ನು, ಹಣ ಹಂಚಲು ತೊಡಗುತ್ತಾರೆ. ಅವರು ಮರಳಿದ ಮೇಲೆ ಅದೇ ಮಕ್ಕಳು ನಿಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಮತ್ತು ಪಾಠ ಹೇಳುವವರಾಗಿ ನೀವು ಗಳಿಸಿಕೊಂಡಿದ್ದ ಸ್ಥಾನ ಕೊಡುವವರ ಸ್ಥಾನವಾಗಿ ಬದಲಾಗುತ್ತದೆ. ಆದ್ದರಿಂದ ಬೀದಿಯಲ್ಲಿ ಏನನ್ನೂ ಹಂಚಬಾರದು, ಶಾಲೆಗೆ ಕೊಡುವುದನ್ನು ಮುಖ್ಯಶಿಕ್ಷಕರ ಕೈಗೆ ಕೊಡಬೇಕು, ಮನೆಗಳಿಗೆ ಕೊಡುವುದು ಎಲ್ಲರಿಗೂ ಸಮನಾಗಿರಬೇಕು ಎಂದು ಫೋನಿನಲ್ಲಿ ಎರಡು ಸಲ ಹೇಳಿ. ನನ್ನ ಅಪ್ಪ ಚಿಕ್ಕಮಗಳೂರಿನಿಂದ ಹುರಿದು ಪುಡಿಮಾಡಿದ ಕಾಫಿಯನ್ನು ಕಾಲು ಕಿಲೋ ಪೊಟ್ಟಣಗಳಲ್ಲಿ ತಂದಿದ್ದರು. ಎಲ್ಗನ್ ಇಳಿಜಾರಿನಲ್ಲಿ ಬಾಳೆಯ ನೆರಳಲ್ಲಿ ಅರೇಬಿಕಾ ಬೆಳೆಯುವ ನನ್ನ ನೆರೆಯವರಿಗೆ ಅದಕ್ಕಿಂತ ಒಪ್ಪುವ ಉಡುಗೊರೆ ಇನ್ನೊಂದಿರಲಾರದು.

ಪ್ರತಿಯಾಗಿ ನಿಮ್ಮವರಿಗೆ ಜೀವಂತ ಕೋಳಿಯನ್ನು ಉಡುಗೊರೆಯಾಗಿ ಕೊಡಬಹುದು. ಇದು ದೊಡ್ಡ ಗೌರವ. ಸಸ್ಯಾಹಾರಿಗಳಾದರೂ ಎರಡೂ ಕೈಯಲ್ಲಿ ತೆಗೆದುಕೊಂಡು ವಂದಿಸಬೇಕು, ನಿರಾಕರಿಸಬಾರದು. ಅದನ್ನು ಸಾಕಲು ಯಾರಿಗೆ ಒಪ್ಪಿಸುವುದೆಂದು ಆಮೇಲೆ ಯೋಚಿಸಿದರಾಯಿತು. ಬುಗಾಂಡಾ, ಬುಸೋಗಾ ಕಡೆಯ ಹುಡುಗಿಯರು ಹಿರಿಯರೆದುರು ಮಂಡಿಯೂರಿ ವಂದಿಸುತ್ತಾರೆ. ಗಾಬರಿಯಾಗದಂತೆ ಇದನ್ನೂ ಮೊದಲೇ ತಿಳಿಸಿ. ಕಾಲಿಗೆರಗುವ ನಮ್ಮ ಪದ್ಧತಿಯನ್ನು ನೆನಪಿಸಿದರೆ ತಕ್ಷಣ ಅರ್ಥಮಾಡಿಕೊಳ್ಳುತ್ತಾರೆ.

ಹಂತ 9: ಮೊದಲ ಮೂರು ದಿನಗಳು

ಎಂಟೆಬೆ ವಿಮಾನ ನಿಲ್ದಾಣದಿಂದ ಎಂಬಾಲೆಗೆ ಸುಮಾರು 270 ಕಿಲೋಮೀಟರ್ ದೂರ. ಕಂಪಾಲಾದ ವಾಹನ ದಟ್ಟಣೆ ಮತ್ತು ಜಿಂಜಾ ರಸ್ತೆಯ ಭಾರಿ ಲಾರಿಗಳ ನಡುವೆ ಇದಕ್ಕೆ ಆರರಿಂದ ಎಂಟು ಗಂಟೆ ಬೇಕು. ವಿಮಾನ ಯಾವ ಹೊತ್ತಿಗೆ ಇಳಿದರೂ ಮೊದಲ ರಾತ್ರಿ ಎಂಟೆಬೆಯಲ್ಲಿಯೇ ತಂಗಿರಿ. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಪ್ರಯಾಣಿಸಬಾರದೆಂಬುದನ್ನು ಯಾವ ಕಾರಣಕ್ಕೂ ಸಡಿಲಿಸಬೇಡಿ.

ನಿಮಗೆ ಪರಿಚಯವಿರುವ ಚಾಲಕರ ಕಾರನ್ನು, ಇಲ್ಲಿ 'ಸ್ಪೆಷಲ್ ಹೈರ್' ಎನ್ನುವುದನ್ನು, ದರ ಮಾತಾಡಿ ಮೊದಲೇ ಗೊತ್ತುಮಾಡಿ. ಬೈಕ್ ಟ್ಯಾಕ್ಸಿಯಾದ ಬೋಡಾ-ಬೋಡಾ ನಿಮಗೆ ಅಭ್ಯಾಸವಿರಬಹುದು. ಸೀರೆಯುಟ್ಟು ಒಂದೇ ಬದಿಗೆ ಕೂರುವವರಿಗೆ ಅದು ಬೇಡ. ದಾರಿಯಲ್ಲಿ ಜಿಂಜಾದ ಬಳಿ ನೈಲ್ ನದಿಯ ಉಗಮದಲ್ಲಿ ಇಳಿದು ಊಟ ಮಾಡಿ ವಿಶ್ರಮಿಸಿ. ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು 1948ರಲ್ಲಿ ಅಲ್ಲಿ ವಿಸರ್ಜಿಸಿದ್ದರಿಂದ ಅವರ ಪುತ್ಥಳಿಯೂ ಅಲ್ಲಿದೆ. ನನ್ನ ತಂದೆ ಚಪ್ಪಲಿ ಕಳಚಿ ಅದರೆದುರು ಬಹಳ ಹೊತ್ತು ನಿಂತಿದ್ದರು. ವಿಕ್ಟೋರಿಯಾ ಸರೋವರದ ನೀರಿಗೆ ಮಾತ್ರ ಕಾಲಿಳಿಸಲು ಬಿಡಬೇಡಿ, ಬಿಲ್ಹಾರ್ಜಿಯಾ ಹುಳುಗಳು ಚರ್ಮದ ಮೂಲಕ ದೇಹ ಸೇರುತ್ತವೆ.

ಮನೆ ತಲುಪಿದ ಮೇಲಿನ ಎರಡು ದಿನ ಯಾವ ಕಾರ್ಯಕ್ರಮವೂ ಬೇಡ. ಉಗಾಂಡಾದ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದಿರುವುದರಿಂದ ಅವರು ಬೆಳಗಿನ ಮೂರು ಗಂಟೆಗೇ ಎದ್ದು ಕೂರುತ್ತಾರೆ. ಫ್ಲಾಸ್ಕಿನಲ್ಲಿ ಕಾಫಿ ಮಾಡಿಟ್ಟಿರಿ. ಪಾಸ್‌ಪೋರ್ಟ್ ತೋರಿಸಿ ಸಿಮ್ ಕಾರ್ಡ್ ಕೊಡಿಸಿ. ಊರಿನ ಏರ್‌ಟೆಲ್ ಸಿಮ್ ಇಲ್ಲಿನ ಏರ್‌ಟೆಲ್ ಆಗುವುದಿಲ್ಲ, ರೋಮಿಂಗ್ ಬಿಲ್ ಬರುತ್ತದೆ ಎಂದು ವಿವರಿಸಿ. ತಂದ ಡಾಲರ್ ನೋಟುಗಳು ಹೊಸದಾಗಿ, ಮಡಿಕೆಯಿಲ್ಲದೆ ಇರಬೇಕು. ಹಳೆಯ ಮುದ್ರಣದವನ್ನು ವಿನಿಮಯ ಅಂಗಡಿಗಳು ತಿರಸ್ಕರಿಸುತ್ತವೆ.

ಹಂತ 10: ಊಟದ ಏರ್ಪಾಡು

ಸಸ್ಯಾಹಾರಿಗಳು ಇಲ್ಲಿ ಹಸಿದಿರಬೇಕಾಗಿಲ್ಲ, ಆದರೆ ಕೇಳುವ ರೀತಿ ತಿಳಿದಿರಬೇಕು. "ಮಾಂಸ ತಿನ್ನುವುದಿಲ್ಲ" ಎಂದರೆ ಕೋಳಿ ಅಥವಾ ಮೀನು ಬಡಿಸುತ್ತಾರೆ, ಏಕೆಂದರೆ ಇಲ್ಲಿ ಮಾಂಸವೆಂದರೆ ದನ ಮತ್ತು ಆಡು. ಲುಗಾಂಡಾ ಭಾಷೆಯಲ್ಲಿ ಎನ್ಯಾಮಾ, ಎನ್ಕೊಕೊ, ಎಬ್ಯೆನ್ಯಾಂಜಾ, ಅಂದರೆ ಮಾಂಸ, ಕೋಳಿ, ಮೀನು, ಈ ಮೂರನ್ನೂ ಒಂದೊಂದಾಗಿ ಹೇಳಿ ಬೇಡವೆನ್ನಬೇಕು. ಶೇಂಗಾ ಸಾರಿನಲ್ಲಿ ಮುಕೆನೆ ಎಂಬ ಸಣ್ಣ ಒಣಮೀನಿನ ಪುಡಿ ಬೆರೆತಿರಬಹುದು; ಕೇಳದೆ ಉಣ್ಣಬೇಡಿ. ರಸ್ತೆಬದಿಯ ಚಪಾತಿಯನ್ನು ಮೊಟ್ಟೆ ಹುಯ್ಯುವ ಕಾವಲಿಯಲ್ಲಿಯೇ ಬೇಯಿಸುತ್ತಾರೆ.

ಇಷ್ಟು ತಿಳಿದ ಮೇಲೆ ಸಂತೋಷದ ವಿಷಯವೂ ಇದೆ. ರಾಗಿಯ ಮೂಲ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಎಂಬಾಲೆಯ ಸಂತೆಯಲ್ಲಿ ರಾಗಿ ಹಿಟ್ಟು ಧಾರಾಳವಾಗಿ ಸಿಗುತ್ತದೆ, ಅದರಿಂದ ಮಾಡುವ ಕಾಲೊ ನಮ್ಮ ಮುದ್ದೆಯ ಒಡಹುಟ್ಟು. ಅದಕ್ಕೆ ಮರಗೆಣಸಿನ ಹಿಟ್ಟನ್ನು ಬೆರೆಸುವ ರೂಢಿಯಿದೆ. ಬೆರಕೆಯಿಲ್ಲದ್ದು ಬೇಕೆಂದು ಕೇಳಿ, ಕಾಳನ್ನೇ ಕೊಂಡು ಗಿರಣಿಯಲ್ಲಿ ಬೀಸಿಸಿದರೆ ಇನ್ನೂ ಉತ್ತಮ. ಬಿದಿರಿನ ಎಳೆ ಮೊಳಕೆಯನ್ನು ಹೊಗೆಯಲ್ಲಿ ಒಣಗಿಸಿ ಶೇಂಗಾ ಅರೆದು ಬೇಯಿಸುವ ಮಲೆವಾ ಬಗಿಸು ಜನರ ಹೆಮ್ಮೆಯ ಅಡುಗೆ. ಕಳಲೆ ಪಲ್ಯ ಉಂಡು ಬೆಳೆದ ನನ್ನ ಅಮ್ಮ ಮೊದಲ ತುತ್ತಿಗೇ ಅದನ್ನು ಗುರುತಿಸಿ, ಎರಡನೆಯ ಸಲ ಹಾಕಿಸಿಕೊಂಡರು. ಬಾಳೆಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಮಟೋಕೆ ಎಂಬ ಬಾಳೆಕಾಯಿ, ಹಲಸು, ಅನಾನಸ್, ಬೆಣ್ಣೆಹಣ್ಣು ಎಲ್ಲವೂ ಒಗ್ಗುತ್ತವೆ.

ಊರಿನಿಂದ ಸಾರಿನ ಪುಡಿ, ಹುಣಸೆಹಣ್ಣು, ಇಂಗು, ಒಂದು ಸಣ್ಣ ಪ್ರೆಷರ್ ಕುಕ್ಕರ್ ತಂದರೆ ಸಾಕು. ದಿನಕ್ಕೊಂದು ಹೊತ್ತು ಮನೆಯ ಅಡುಗೆ, ಇನ್ನೊಂದು ಹೊತ್ತು ಇಲ್ಲಿನ ಅಡುಗೆ ಎಂಬ ಲೆಕ್ಕ ಹೊಟ್ಟೆಗೂ ಹಿತ.

ಹಂತ 11: ನೀವು ಕೆಲಸಕ್ಕೆ ಹೋಗುವ ದಿನಗಳು

ಹೆಚ್ಚಿನವರು ಸೋಲುವುದು ಇಲ್ಲಿ. ಅಪ್ಪ-ಅಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾರೆ, ನೀವು ತರಗತಿಯಲ್ಲಿದ್ದು ಗಂಟೆಗೊಮ್ಮೆ ಫೋನ್ ಮಾಡುತ್ತೀರಿ, ಎರಡೂ ಕಡೆ ಬೇಸರ ತುಂಬುತ್ತದೆ.

ಮನೆಯ ವಿಳಾಸ, ನಿಮ್ಮ ಹಾಗೂ ಮಾಲೀಕರ ಫೋನ್ ಸಂಖ್ಯೆಗಳನ್ನು ಬರೆದ ಚೀಟಿಯನ್ನು ಇಬ್ಬರ ಕಿಸೆಯಲ್ಲಿಯೂ ಇಡಿ. ಕನ್ನಡ ಲಿಪಿಯಲ್ಲಿ ಹತ್ತು ಮಾತುಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ: ಬಗಿಸು ಜನರಿಗೆ ನಮಸ್ಕಾರವಾಗಿ 'ಮುಲೆಂಬೆ', ಲುಗಾಂಡಾದಲ್ಲಿ ಧನ್ಯವಾದಕ್ಕೆ 'ವೆಬಲೆ', ನೀರಿಗೆ 'ಅಮಾಝಿ', ನಿಧಾನಕ್ಕೆ 'ಎಂಪೋಲಾ ಎಂಪೋಲಾ', ಬೇಡ ಎನ್ನಲು 'ನೆಡ್ಡಾ'. ಕನ್ನಡವಲ್ಲದೆ ಬೇರೇನೂ ಬಾರದ ತಾಯಂದಿರು ಈ ಐದಾರು ಮಾತುಗಳಿಂದಲೇ ಒಂದು ಬೆಳಗನ್ನು ನಡೆಸಬಲ್ಲರು. ದಾರಿಯಲ್ಲಿ ಮಕ್ಕಳು 'ಮುಯಿಂಡಿ' ಎಂದು ಕೂಗುತ್ತಾರೆ. ಅದು ಭಾರತೀಯರೆಂಬ ಮಾತು, ಬೈಗುಳವಲ್ಲ ಎಂದು ತಿಳಿಸಿ.

ಒಬ್ಬೊಬ್ಬರಿಗೂ ಒಂದು ಕೆಲಸವನ್ನೂ ಒಬ್ಬ ಜೊತೆಗಾರರನ್ನೂ ಗೊತ್ತುಮಾಡಿ. ಪಕ್ಕದ ಮನೆಯಾಕೆಯೊಡನೆ ಅವರೆ ಸುಲಿಯುವುದು, ಮಾಲೀಕರ ಮಗನೊಡನೆ ಸಂತೆಗೆ ಹೋಗಿಬರುವುದು, ಕಾಫಿ ತೋಟಕ್ಕೆ ಹೋಗಿ ಹಣ್ಣು ಬಿಡಿಸುವುದನ್ನು ನೋಡುವುದು, ಇಂತಹವು. ನನ್ನ ಅಪ್ಪ ಮತ್ತು ನೆರೆಮನೆಯ ಬೆಳೆಗಾರರು ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಗಿಡದ ಕಸಿಯ ಬಗ್ಗೆ ಇಡೀ ಮಧ್ಯಾಹ್ನ ಮಾತಾಡಿದ್ದರು. ಯಾವ ಅಭಯಾರಣ್ಯದ ಪ್ರವಾಸದಿಂದಲೂ ಅವರ ಮುಖದಲ್ಲಿ ಆ ಕಳೆ ಬರಲಿಲ್ಲ.

ಶಾಲೆಗೆ ಕರೆದೊಯ್ಯುವ ದಿನವನ್ನು ಮುಖ್ಯಶಿಕ್ಷಕರೊಡನೆ ನಿಶ್ಚಯಿಸಿ. ಅಲ್ಲಿ ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿಸುತ್ತಾರೆ, ಮತ್ತು ಹಿರಿಯ ಅತಿಥಿ ನಾಲ್ಕು ಮಾತಾಡಲೇಬೇಕೆಂದು ಎದ್ದು ನಿಲ್ಲಿಸುತ್ತಾರೆ. ಏನು ಹೇಳಬೇಕೆಂದು ಹಿಂದಿನ ರಾತ್ರಿ ಸಿದ್ಧಪಡಿಸಿ. ಅಪ್ಪ ಕನ್ನಡದಲ್ಲಿಯೇ ಮಾತಾಡಲಿ, ನೀವು ಇಂಗ್ಲಿಷಿಗೆ ಹೇಳಿ.

ಹಂತ 12: ಪ್ರವಾಸವನ್ನು ಚಿಕ್ಕದಾಗಿಸಿ

ಒಂದೇ ಪ್ರವಾಸ, ಎರಡು ರಾತ್ರಿ. ಎಂಬಾಲೆಯಿಂದ ಡಾಂಬರು ರಸ್ತೆಯಲ್ಲಿ ಒಂದೂವರೆ ಗಂಟೆಯೊಳಗೆ ಸಿಗುವ ಸಿಪಿ ಜಲಪಾತಗಳು ವಯಸ್ಸಾದವರಿಗೆ ತಕ್ಕವು. ಮೂರರಲ್ಲಿ ದೊಡ್ಡದು ನೂರು ಮೀಟರಿನಷ್ಟು ಎತ್ತರದಿಂದ ಬೀಳುತ್ತದೆ, ಎದುರಿನ ದಿಣ್ಣೆಯಿಂದಲೇ ಕಾಣುತ್ತದೆ, ಕೆಳಗಿಳಿಯಬೇಕಾಗಿಲ್ಲ. ಗೊರಿಲ್ಲಾ ನೋಡುವ ಆಸೆಯನ್ನು ಹುಟ್ಟಿಸಬೇಡಿ. ಹೊರದೇಶದ ಪ್ರವಾಸಿಗೆ ಪರವಾನಗಿಯೇ 800 ಡಾಲರ್, ಮೇಲೆ ಜಾರುವ ಕಾಡಿನ ಗಂಟೆಗಟ್ಟಲೆ ಏರಿಳಿತ. ಉದ್ಯಾನಗಳಲ್ಲಿ ನಿವಾಸಿ ವಿದೇಶೀಯರಾದ ನಿಮಗಿರುವ ರಿಯಾಯಿತಿ ದರ ನಿಮ್ಮ ಮನೆಯವರಿಗೆ ಇರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಖರ್ಚು ಯಾರದೆಂಬುದನ್ನು ಅವರು ಹೊರಡುವ ಮೊದಲೇ ಮಾತಾಡಿ. ಸ್ವಯಂಸೇವಕರ ಭತ್ಯೆಯಲ್ಲಿ ಮನೆಯ ಊಟ-ವಸತಿ ನಿಮ್ಮದಾಗಬಹುದು. ಕಾರು ಮತ್ತು ಪ್ರವಾಸವನ್ನು ಅವರು ನೋಡಿಕೊಳ್ಳಲಿ ಎಂದು ಹೇಳುವುದರಲ್ಲಿ ತಪ್ಪಿಲ್ಲ.

ಎಚ್ಚರಿಕೆಯ ಸೂಚನೆಗಳು

ಜ್ವರ ಬಂದರೆ ಪ್ರಯಾಣದ ಆಯಾಸವೆಂದು ಕಾಯಬೇಡಿ. ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಊಟ ಅರ್ಧಕ್ಕಿಳಿದರೆ, ನೀರು ಕುಡಿಯುವುದು ಕಡಿಮೆಯಾದರೆ, ಕಾಲು ಊದಿದರೆ ಶೌಚಾಲಯದ ಬಗ್ಗೆ ಮೊದಲು ವಿಚಾರಿಸಿ. ಅಮ್ಮ ದಿನಕ್ಕೆ ಮೂರು ಸಲ ಊರಿಗೆ ಫೋನ್ ಮಾಡತೊಡಗಿದರೆ ಒಂಟಿತನ ಕಾಡುತ್ತಿದೆ, ಒಂದು ಮಧ್ಯಾಹ್ನ ಬೇಗ ಮನೆಗೆ ಬನ್ನಿ. ನೆರೆಯವರು ಇದ್ದಕ್ಕಿದ್ದಂತೆ ಹಣ ಕೇಳಲು ಬಂದರೆ ಉಡುಗೊರೆಯ ನಿಯಮ ಎಲ್ಲಿಯೋ ಮುರಿದಿದೆ. ಯಾರಿಗೆ ಏನು ಕೊಟ್ಟಿರೆಂದು ಅಪ್ಪನನ್ನು ಮೆಲ್ಲಗೆ ಕೇಳಿ.

ಹಂತ 13: ಕಳುಹಿಸಿಕೊಡುವುದು

ವಿಮಾನದ ಹಿಂದಿನ ದಿನವೇ ಎಂಟೆಬೆ ತಲುಪಿರಬೇಕು. ಎಂಬಾಲೆಯಿಂದ ಅದೇ ದಿನ ಹೊರಟು ವಿಮಾನ ತಪ್ಪಿಸಿಕೊಂಡವರನ್ನು ನಾನು ಬಲ್ಲೆ.

ಸಾಮಾನು ಕಟ್ಟುವಾಗ ಪಕ್ಕದಲ್ಲಿಯೇ ಕೂತು ನೋಡಿ. ತೋಟವಿರುವ ಅಪ್ಪಂದಿರು ಇಲ್ಲಿನ ಕಾಫಿ ಬೀಜವನ್ನೋ ಸಸಿಯನ್ನೋ ರಾಗಿಯ ತಳಿಯನ್ನೋ ಬಟ್ಟೆಯ ಮಡಿಕೆಯಲ್ಲಿ ಇಟ್ಟುಕೊಂಡಿರುತ್ತಾರೆ. ಇದಕ್ಕೆ ಅವಕಾಶ ಕೊಡಲೇಬೇಡಿ. ಅನುಮತಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬಿತ್ತನೆಯ ಬೀಜ, ಗಿಡ ತರುವುದನ್ನು ಭಾರತದ 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶ ತಡೆಯುತ್ತದೆ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕಾಫಿ ಹಣ್ಣನ್ನು ಕೊಳೆಸುವ ಕಾಫಿ ಬೆರ್ರಿ ರೋಗ ಆಫ್ರಿಕಾದಲ್ಲಿದೆ, ನಮ್ಮ ಮಲೆನಾಡಿನಲ್ಲಿಲ್ಲ. ನನ್ನ ಅಪ್ಪನ ಚೀಲದಲ್ಲಿ ಒಂದು ಹಿಡಿ ಬೀಜ ಸಿಕ್ಕಿದಾಗ, "ಅಪ್ಪಾ, ಇದರಿಂದ ನಮ್ಮ ತೋಟ ಮಾತ್ರವಲ್ಲ, ಊರಿನ ತೋಟಗಳೆಲ್ಲ ಹೋಗಬಹುದು" ಎಂದೆ. ಅವರು ಮರುಮಾತಾಡದೆ ಅದನ್ನು ಬೆಂಕಿಗೆ ಹಾಕಿದರು. ತೋಟದಲ್ಲಿ ತೊಟ್ಟ ಚಪ್ಪಲಿ-ಬೂಟುಗಳ ಮಣ್ಣನ್ನೂ ತೊಳೆಸಿ. ಹುರಿದು ಪುಡಿಮಾಡಿದ ಕಾಫಿಯನ್ನು ಧಾರಾಳವಾಗಿ ಕೊಂಡೊಯ್ಯಲಿ.

ಹಳದಿ ಜ್ವರದ ಪುಸ್ತಕ ಪಾಸ್‌ಪೋರ್ಟಿನ ಜೊತೆಗೆ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ; ಬೆಂಗಳೂರಿನಲ್ಲಿ ಇಳಿದೊಡನೆ ಆರೋಗ್ಯ ಅಧಿಕಾರಿಗಳಿಗೆ ತೋರಿಸಬೇಕು. ಮನೆ ತಲುಪಿದ ಮೇಲೆ ಮಲೇರಿಯಾ ಮಾತ್ರೆಯ ಉಳಿದ ದಿನಗಳಷ್ಟೂ ನೀವೇ ಫೋನ್ ಮಾಡಿ ನೆನಪಿಸಿ. ಮುಂದಿನ ಕೆಲವು ತಿಂಗಳಲ್ಲಿ ಯಾವಾಗ ಜ್ವರ ಬಂದರೂ ವೈದ್ಯರ ಬಳಿ ಮೊದಲ ಮಾತಾಗಿ "ಉಗಾಂಡಾಕ್ಕೆ ಹೋಗಿ ಬಂದಿದ್ದೇನೆ" ಎಂದು ಹೇಳಲು ತಿಳಿಸಿ, ಇಲ್ಲವಾದರೆ ಡೆಂಗಿ ಅಥವಾ ವೈರಲ್ ಜ್ವರವೆಂದು ಅಮೂಲ್ಯವಾದ ಎರಡು ದಿನಗಳು ಕಳೆದುಹೋಗುತ್ತವೆ.

ಇತ್ತ, ಎಂಬಾಲೆಗೆ ಮರಳಿದ ಸಂಜೆಯೇ ಮನೆಮನೆಗೆ ಹೋಗಿ ಅವರು ಸುಖವಾಗಿ ಊರು ತಲುಪಿದರೆಂದು ತಿಳಿಸಿಬನ್ನಿ. ಕೋಳಿ ಕೊಟ್ಟವರ ಮನೆಗೆ ಮೊದಲು ಹೋಗಿ.